ಸುವರ್ಣಾವತಿಯ ನೀರಿಗಿಳಿದ ನೈಲೆಕ್ಸ್ ಸೀರೆಗಳು

ಹೋದ ಬೇಸಿಗೆಯಲ್ಲಿ ಸತ್ಯಮಂಗಲದಲ್ಲಿ ಒಂದು ಮದುವೆ ಮುಗಿಸಿಕೊಂಡು ಗುಂಡ್ಲುಪೇಟೆಗೆ ವಾಪಸು ಬರುತ್ತಿದ್ದೆವು. ದಿಂಬಂ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡಿದ್ದ ಮಗಳು ಪುಣಜನೂರು ದಾಟಿದ ಮೇಲೆ ಕಾರು ನಿಲ್ಲಿಸಿ ಎಂದಳು. ನಿಲ್ಲಿಸಿದ್ದು ಸುವರ್ಣಾವತಿ ಜಲಾಶಯದ ಏರಿಯ ಹತ್ತಿರ. ನೀರು ಬಹಳ ಹಿಂದಕ್ಕೆ ಸರಿದಿತ್ತು. ಬಾಗಿಲು ತೆಗೆದ ಕೂಡಲೇ ಆ ವಾಸನೆ ಒಳಗೆ ಬಂತು. ಬಿಸಿಲಿಗೆ ಕಾದ ಕೆಸರು, ಒಣಗುತ್ತಿರುವ ಪಾಚಿ, ಅದರ ನಡುವೆ ಎಲ್ಲೋ ಒಂದಿಷ್ಟು ಮೀನು. ಮಗಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಇನ್ನೊಂದು ಸಲ ಉಸಿರೆಳೆದುಕೊಂಡೆ.

"ನಿನಗೆ ಈ ವಾಸನೆ ಹೊಸದೇನಲ್ಲ. ಇನ್ನೂ ಸರಿಯಾಗಿ ಮಾತು ಬರದಿದ್ದಾಗ ಇದೇ ದಡದಲ್ಲಿ ಅಜ್ಜಿಯ ತೊಡೆ ಮೇಲೆ ಕೂತು ಕಡ್ಲೆಪುರಿ ತಿಂದಿದ್ದೀಯ" ಎಂದೆ.

ಅವಳು ನಂಬಲಿಲ್ಲ. ಆ ಅಜ್ಜಿ, ನನ್ನ ಅತ್ತೆ, ಇದ್ದಿದ್ದರೆ ನಂಬಿಸುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಹಾಗಾಗಿ ಆ ಒಂದು ವರ್ಷದ ಕತೆಯನ್ನು ಈಗ ನಾನೇ ಹೇಳಬೇಕು.

ಬರದ ವರ್ಷಗಳು ಮುಗಿದು ನಮ್ಮ ಸೀಮೆಗೆ ಮತ್ತೆ ಒಳ್ಳೆಯ ಮಳೆ ಬಂದ ವರ್ಷ ಅದು. ಎರಡು ಸಾವಿರದ ಐದು. ನಾನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಗಂಡ ಮಹೇಶ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತ. ಮದುವೆಗೆ ಮುಂಚೆಯೇ ಮೈಸೂರಿನಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೆ. ಆಮೇಲೆ ಮದುವೆ, ಬಸಿರು, ಬಾಣಂತನ ಎಂದು ಅದು ಹಿಂದೆ ಹಿಂದೆ ಉಳಿಯಿತು. ನನ್ನ ಗೈಡ್ ಒಳ್ಳೆಯವರು, ಎರಡು ಸಲ ಅವಧಿ ವಿಸ್ತರಿಸಿ ಕೊಡಿಸಿದ್ದರು. ಮೂರನೆಯ ಸಲ ಕೇಳಲು ಹೋದಾಗ, "ಇದೇ ಕೊನೆ ಸುಮಾ. ಮುಂದಿನ ಬೇಸಿಗೆ ರಜೆಯೊಳಗೆ ಕೆಲಸ ಮುಗಿಯದಿದ್ದರೆ ನೋಂದಣಿ ರದ್ದಾಗುತ್ತೆ. ನಾನೇನೂ ಮಾಡೋಕಾಗಲ್ಲ" ಎಂದುಬಿಟ್ಟರು.

ನನ್ನ ವಿಷಯ ಜಲಾಶಯದ ಸಣ್ಣ ಜೀವಿಗಳದ್ದು. ನಿಂತ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂತೆ ತೇಲಾಡುವ ಪ್ರಾಣಿಗಳಿವೆ. ಪಠ್ಯದಲ್ಲಿ ಅವಕ್ಕೆ ಪ್ರಾಣಿಪ್ಲವಕ ಎಂದು ಹೆಸರು. ಅವು ನೀರಿನಲ್ಲಿರುವ ಹಸಿರು ಪಾಚಿಯ ಕಣಗಳನ್ನು ತಿನ್ನುತ್ತವೆ. ಅವನ್ನು ಮೀನು ತಿನ್ನುತ್ತದೆ. ಮೀನು ಹೆಚ್ಚಾದ ಕಡೆ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ, ಅದರಿಂದ ನೀರಿಗೆ ಏನಾಗುತ್ತದೆ, ಇಷ್ಟೇ ನನ್ನ ಪ್ರಶ್ನೆ.

ಮಗುವನ್ನು ನೋಡಿಕೊಳ್ಳಲೆಂದು ತೆರಕಣಾಂಬಿ ಹತ್ತಿರದ ಊರಿನಿಂದ ಅತ್ತೆ ಬಂದು ನಮ್ಮ ಜೊತೆ ಇದ್ದರು. ಗೌರಮ್ಮ ಎಂದು ಅವರ ಹೆಸರು. ಮೂರನೇ ಕ್ಲಾಸಿನವರೆಗೆ ಓದಿದ್ದವರು, ಮಾಂಸ ಮೀನು ಮುಟ್ಟದವರು. ಬಂದ ವಾರದಲ್ಲೇ ಅಡುಗೆಮನೆಯ ಶೆಲ್ಫಿನಲ್ಲಿದ್ದ ನನ್ನ ಸಣ್ಣ ಬಾಟಲಿಗಳು ಅವರ ಕಣ್ಣಿಗೆ ಬಿದ್ದವು.

"ಏನಮ್ಮಿ ಇದು, ಉಪ್ಪಿನ್ಕಾಯಿ ಪಕ್ಕ ನಾತ ಒಡಿಯಾ ನೀರ ಮಡಗಿದ್ದೀಯಲ್ಲ?"

"ಕೆರೆ ನೀರಿನ ಸಣ್ಣ ಪ್ರಾಣಿಗಳು ಅತ್ತೆ. ಕೆಡದೇ ಇರಲಿ ಅಂತ ಔಷಧಿ ಹಾಕಿದ್ದೀನಿ."

"ಜೀವ ಅವೆಯಾ?"

"ಇಲ್ಲ."

"ನೀನೇ ಸಾಯಿಸ್ದ್ಯಾ?"

ನಾನು ಹೌದೆಂದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟೊಂದು ಜೀವ ತಗ್ದು ನೀನೇನಮ್ಮಿ ಕಂಡಿಡೀತೀಯ?" ಎಂದು ಕೇಳಿದರು. ಕೋಪದಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಬಾಟಲಿಗಳನ್ನು ನಮ್ಮ ಮಲಗುವ ಕೋಣೆಗೆ ಸಾಗಿಸಿದೆ. ಆದರೆ ಆ ಪ್ರಶ್ನೆ ಮನೆಯಲ್ಲೇ ಉಳಿಯಿತು. ನಾನು ಶನಿವಾರ ಬಲೆ ಬಾಟಲಿಗಳ ಬುಟ್ಟಿ ಹಿಡಿದು ಹೊರಟಾಗಲೆಲ್ಲ ಅವರು ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದು ಬುಟ್ಟಿಯೊಳಗೆ ಇಣುಕುತ್ತಿದ್ದರು.

ಈರುಳ್ಳಿ ಮೂಟೆಗಳ ಲಾರಿಗಳ ನಡುವೆ ದಾರಿ ಮಾಡಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ, ಚಾಮರಾಜನಗರದ ಬಸ್ಸು ಹಿಡಿದು, ಅಲ್ಲಿಂದ ಪುಣಜನೂರಿನ ಬಸ್ಸಿಗೆ ಬದಲಾಯಿಸಿಕೊಂಡರೆ ಸುವರ್ಣಾವತಿ. ಅಲ್ಲೇ ಹತ್ತಿರದಲ್ಲಿ ಇನ್ನೊಂದು ಜಲಾಶಯ, ಚಿಕ್ಕಹೊಳೆ. ನನಗೆ ಎರಡೂ ಬೇಕಿದ್ದವು. ಬರದಲ್ಲಿ ಚಿಕ್ಕಹೊಳೆಯ ನೀರು ತಳ ಕಂಡು, ನೆಲ ಬಿರುಕುಬಿಟ್ಟು, ಒಂದು ಮೀನೂ ಉಳಿದಿರಲಿಲ್ಲ. ಸುವರ್ಣಾವತಿಯಲ್ಲಿ ನಡುವಿನ ಹಳ್ಳದಲ್ಲಿ ಒಂದಷ್ಟು ನೀರು ನಿಂತಿತ್ತು, ಅದರಲ್ಲಿ ಜಿಲೇಬಿ ಮೀನುಗಳು ಉಳಿದುಕೊಂಡಿದ್ದವು. ಮಳೆ ಬಂದು ಎರಡೂ ತುಂಬಿದ ಮೇಲೆ ಸುವರ್ಣಾವತಿಯ ಜಿಲೇಬಿಗಳು ಮರಿ ಹಾಕಿ ಹಾಕಿ ಹೇರಳವಾದವು. ಅದರ ಮೇಲೆ ಕಾಟ್ಲಾ ಮೀನಿನ ಮರಿಗಳನ್ನೂ ತಂದು ಬಿಟ್ಟಿದ್ದರು. ಚಿಕ್ಕಹೊಳೆಗೆ ಇನ್ನೂ ಯಾರೂ ಮೀನು ಬಿಟ್ಟಿರಲಿಲ್ಲ.

ನನ್ನನ್ನು ಹರಿಗೋಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ರಾಚಪ್ಪ. ಸುವರ್ಣಾವತಿಯ ಮೀನುಗಾರ. ಬರದಲ್ಲಿ ಬಲೆ ಮಡಚಿಟ್ಟು ಕೇರಳಕ್ಕೆ ಶುಂಠಿ ಕೀಳಲು ಹೋಗಿದ್ದವನು, ನೀರು ಬಂದ ಸುದ್ದಿ ಕೇಳಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ವಾಪಸು ಬಂದಿದ್ದ. ಮಾತುಗಾರ. ಮೊದಲ ದಿನ ನನ್ನ ಬಲೆಯನ್ನು ಮುಟ್ಟಿ ನೋಡಿ ನಗಾಡಿದ. ರೇಷ್ಮೆಯಂಥ ನಯವಾದ ಬಟ್ಟೆಯ, ಗಾಳಿಗೆ ಉಬ್ಬುವ ಪುಟ್ಟ ಬಲೆ ಅದು.

"ಇದ್ರಲ್ಲಿ ಏನ್ ಬೀಳ್ತದೆ ಮೇಡಮ್ಮೋರೆ? ಕಾಫಿ ಸೋಸ್ಬೌದು ಅಷ್ಟೇಯ."

ಆ ಕಾರ್ತೀಕದಲ್ಲಿ ಚಿಕ್ಕಹೊಳೆಯ ನೀರಿಗೆ ಆ ಬಲೆ ಇಳಿಸಿ ಎಳೆದಾಗ ತಳದ ಸೀಸೆಯಲ್ಲಿ ಬಿದ್ದದ್ದನ್ನು ನೋಡಿ ನಾನು ಕೂಗಿಯೇಬಿಟ್ಟೆ. ಸಾಸಿವೆ ಕಾಳಿನಷ್ಟು ದಪ್ಪದ ನೀರುಚಿಗಟಗಳು. ನೂರಾರು. ಕುಪ್ಪಳಿಸುವಂತೆ ಈಜುವುದರಿಂದ ಅವುಗಳಿಗೆ ಆ ಹೆಸರು, ಯಾರನ್ನೂ ಕಚ್ಚುವುದಿಲ್ಲ. ಬರದ ವರ್ಷಗಳಲ್ಲಿ ಅವುಗಳ ಗಟ್ಟಿ ಮೊಟ್ಟೆಗಳು ಒಣಗಿದ ಮಣ್ಣಿನಲ್ಲಿ ಬಿದ್ದುಕೊಂಡಿದ್ದು, ನೀರು ಬಂದ ಕೂಡಲೇ ಒಡೆದಿದ್ದವು. ತಿನ್ನುವ ಮೀನಿಲ್ಲದ ಕಾರಣ ಕೊಬ್ಬಿ ಬೆಳೆದಿದ್ದವು. ಚಿಕ್ಕಹೊಳೆಯ ನೀರು ತಿಳಿಯಾಗಿತ್ತು. ಸುವರ್ಣಾವತಿಯ ನೀರು ಹಸಿರಿಗೆ ತಿರುಗಿತ್ತು, ಅಲ್ಲಿ ಬಲೆ ಎಳೆದರೆ ಧೂಳಿನಂಥ ಸಣ್ಣ ಜೀವಿಗಳು ಬಿಟ್ಟರೆ ಬೇರೇನೂ ಇರಲಿಲ್ಲ.

ಅವತ್ತು ಕೆಲವನ್ನು ಜೀವಂತವಾಗಿಯೇ ಮನೆಗೆ ತಂದೆ. ಕಾಲೇಜಿನಿಂದ ಕೇಳಿ ತಂದಿದ್ದ ಮೈಕ್ರೋಸ್ಕೋಪನ್ನು ಕಿಟಕಿಯ ಬಳಿ ಇಟ್ಟು ನೋಡುತ್ತಿದ್ದೆ. ಅತ್ತೆ ಮಗುವಿಗೆ ರಾಗಿ ಸರಿ ತಿನ್ನಿಸುತ್ತ ಆಚೆ ಈಚೆ ಓಡಾಡುತ್ತಿದ್ದರು.

"ಅತ್ತೆ, ಒಂದು ಸಲ ನೋಡಿ. ಇದು ಬದುಕಿದೆ."

ಅವರು ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. ಮೊದಲು ತಮ್ಮ ರೆಪ್ಪೆಯೇ ಕಾಣುತ್ತದೆ ಎಂದರು. ಆಮೇಲೆ ಒಂದು ಕಣ್ಣು ಮುಚ್ಚಿ ನೋಡಿದರು. ನೀರುಚಿಗಟದ ಮೈ ಗಾಜಿನ ಹಾಗೆ, ಒಳಗಿನದೆಲ್ಲ ಹೊರಗೇ ಕಾಣುತ್ತದೆ. ಹಸಿರು ತುಂಬಿದ ಕರುಳು, ಪಟಪಟ ಬಡಿಯುವ ಹೃದಯ, ಬೆನ್ನಿನ ಚೀಲದಲ್ಲಿ ದುಂಡನೆಯ ಮೊಟ್ಟೆಗಳು.

"ಅಯ್ಯೋ ಸಿವ್ನೆ, ಎದೆ ಒಡ್ಕತಾ ಅದೆ ಕಣಮ್ಮಿ! ಬೆನ್ನಲ್ಲಿ ಅದೇನದು, ಜೀರುಂಡೆ ಕಣ್ಣಂಗೆ?"

"ಮೊಟ್ಟೆ ಅತ್ತೆ. ಅವೇ ಮರಿಯಾಗಿ ಹೊರಗೆ ಬರ್ತವೆ."

"ಬಸುರಿ ಅನ್ನು!" ಎಂದು ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರಿತ್ತು, ಮನಸ್ಸು ಕರಗಿಯೋ, ಅಷ್ಟು ಹೊತ್ತು ಒಂದೇ ಕಣ್ಣಿನಲ್ಲಿ ನೋಡಿದ್ದಕ್ಕೋ, ಗೊತ್ತಾಗಲಿಲ್ಲ. ಮೀನು ಕಣ್ಣಿಗೆ ಕಾಣುವುದನ್ನು ಹಿಡಿದು ತಿನ್ನುತ್ತದೆ, ದಪ್ಪಗಿದ್ದಷ್ಟೂ ಬೇಗ ಕಾಣುತ್ತದೆ, ಮೊಟ್ಟೆ ಹೊತ್ತದ್ದು ಇನ್ನೂ ಬೇಗ ಕಾಣುತ್ತದೆ ಎಂದು ವಿವರಿಸಿದೆ. ಅದಕ್ಕೇ ಸುವರ್ಣಾವತಿಯಲ್ಲಿ ದೊಡ್ಡವು ಉಳಿದಿಲ್ಲ, ಪಾಚಿ ತಿನ್ನುವವರಿಲ್ಲದೆ ನೀರು ಹಸಿರಾಗಿದೆ ಎಂದು ನನ್ನ ಊಹೆ ಎಂದೆ.

"ಬಸುರೀನೇ ಮೊದ್ಲು ತಿಂದಾವಾ? ಆಳಾದವು" ಎಂದು ಮೀನುಗಳನ್ನು ಬೈದರು. ಅವತ್ತಿನಿಂದ ಬಾಟಲಿಗಳ ಬಗ್ಗೆ ಮಾತೆತ್ತಲಿಲ್ಲ. ಶನಿವಾರ ಸಂಜೆ ನಾನು ಬಂದ ಕೂಡಲೇ ಕಾಫಿ ಲೋಟ ಕೈಗಿಟ್ಟು, "ಇವತ್ತು ಏನ್ ತಂದಿದ್ದೀಯ, ತೋರ್ಸು" ಎನ್ನುವುದು ಶುರುವಾಯಿತು.

ನಾನು ಗೆದ್ದೆನೆಂದುಕೊಂಡು ಮೈಸೂರಿಗೆ ಹೋದೆ. ಗೈಡ್ ನನ್ನ ಲೆಕ್ಕಗಳನ್ನೆಲ್ಲ ತಾಳ್ಮೆಯಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು. "ಎರಡು ಜಲಾಶಯ ನೂರು ವಿಷಯದಲ್ಲಿ ಬೇರೆ ಬೇರೆ ಇರುತ್ತವಲ್ಲಮ್ಮ. ಮಣ್ಣು ಬೇರೆ, ಆಳ ಬೇರೆ, ದನ ಇಳಿಯೋದು ಬೇರೆ. ಇದು ಮೀನಿನಿಂದಲೇ ಆಯ್ತು ಅಂತ ಹೇಗೆ ಹೇಳ್ತೀಯ? ಒಂದೇ ನೀರು ತಗೊ. ಅರ್ಧಕ್ಕೆ ಮೀನು ಬಿಡು, ಇನ್ನರ್ಧಕ್ಕೆ ಬಿಡಬೇಡ. ಆಮೇಲೆ ಬಾ."

ಹೊರದೇಶದಲ್ಲಿ ಇಂಥದ್ದಕ್ಕೆಂದೇ ದೊಡ್ಡ ಚೀಲಗಳು ಸಿಗುತ್ತವೆ. ನೀರು ಮೆಲ್ಲಗೆ ಆಡಬೇಕು, ಒಳಗಿನ ಜೀವಿ ಹೊರಗೆ ಹೋಗಬಾರದು, ಅಂಥ ಬಟ್ಟೆ. ನಮಗೆಲ್ಲಿ ಅದು! ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಪ್ಲಾಸ್ಟಿಕ್ಕಿನಲ್ಲಿ ನೀರು ಆಡುವುದಿಲ್ಲ. ಮಹೇಶನಿಗೆ ಇದನ್ನೆಲ್ಲ ಹೇಳಿಕೊಂಡು ಪೇಚಾಡುತ್ತಿದ್ದಾಗ ಅತ್ತೆ ಒಳಗಿನಿಂದ ಒಂದು ಹಳೆಯ ನೈಲೆಕ್ಸ್ ಸೀರೆ ತಂದು ನನ್ನ ತೊಡೆಯ ಮೇಲೆ ಹಾಕಿದರು. ತಿಳಿಗೆಂಪು ಬಣ್ಣ, ಮೇಲೆ ದೊಡ್ಡ ದೊಡ್ಡ ಹೂವು.

"ಇದಾಗ್ತದಾ ನೋಡು. ಇದ್ರಲ್ಲಿ ಮಜ್ಜಿಗೆ ಸೋಸಿದ್ರೆ ಒಂದ್ ಗಂಟೆ ಬೇಕು."

ಒಂದು ತುಂಡು ಕತ್ತರಿಸಿ ಲೋಟದ ಬಾಯಿಗೆ ಕಟ್ಟಿ ನೀರುಚಿಗಟಗಳ ನೀರು ಸುರಿದೆವು. ನೀರು ನಿಧಾನವಾಗಿ ಇಳಿಯಿತು, ಜೀವಿಗಳು ಮೇಲೆಯೇ ಉಳಿದವು. ಅತ್ತೆ ಆ ರಾತ್ರಿಯ ಅಡುಗೆಯನ್ನೂ ಮರೆತು ಹೊಲಿಗೆ ಯಂತ್ರದ ಮುಂದೆ ಕೂತರು. ಒಂದು ಸೀರೆಗೆ ಒಂದು ಚೀಲ. ಆಳೆತ್ತರ, ಡ್ರಮ್ಮಿನಷ್ಟು ಅಗಲ, ಬಾಯಿಗೆ ಬಿದಿರಿನ ಬಳೆ, ಎರಡೆರಡು ಹೊಲಿಗೆ. ಮನೆಯಲ್ಲಿದ್ದ ನಾಲ್ಕು ಹಳೆಯ ಸೀರೆಗಳಿಂದ ನಾಲ್ಕು ಚೀಲಗಳಾದವು. ಎರಡಕ್ಕೆ ಮೀನಿನ ಮರಿ ಬಿಡುವುದು, ಎರಡಕ್ಕೆ ಬಿಡದಿರುವುದು. ನಾಲ್ಕಕ್ಕೂ ಸುವರ್ಣಾವತಿಯದೇ ನೀರು ತುಂಬಿ, ಚಿಕ್ಕಹೊಳೆಯ ನೀರುಚಿಗಟಗಳನ್ನು ಸಮನಾಗಿ ಹಂಚುವುದು.

ಸುವರ್ಣಾವತಿಯಲ್ಲಿ ನೀರಿಗಿಳಿದು ನಿಂತುಕೊಂಡೇ ಕೆಲಸ ಮಾಡಬಹುದಾದ ಒಂದು ಮೂಲೆಯನ್ನು ಆರಿಸಿ, ಬಿದಿರು ಗೂಟ ಹೊಡೆದು ಚೀಲಗಳನ್ನು ಕಟ್ಟಿದೆವು. ಕಾಡಿನ ಕಡೆಯ ದಡ. "ಆನೆ ಬರಲ್ವಾ?" ಎಂದು ಕೇಳಿದೆ. "ಇಲ್ಲಿಗೆ ಬರಾಕಿಲ್ಲ ಮೇಡಮ್ಮೋರೆ, ಅವು ಇಳಿಯಾದು ಆ ಕಡೆ" ಎಂದ ರಾಚಪ್ಪ. ಅವನು ಗೊತ್ತಿದ್ದದ್ದನ್ನೇ ಹೇಳಿದ್ದ. ಬರದ ವರ್ಷಗಳಲ್ಲಿ ಆ ಮೂಲೆಗೆ ನೀರೇ ಬರುತ್ತಿರಲಿಲ್ಲ, ಆನೆಗಳೂ ಬರುತ್ತಿರಲಿಲ್ಲ. ನೀರು ಬಂದದ್ದು ಆನೆಗಳಿಗೂ ಗೊತ್ತಾಗಿರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಎರಡನೆಯ ಶನಿವಾರ ಹೋದಾಗ ಗೂಟಗಳಿರಲಿಲ್ಲ. ತಿಳಿಗೆಂಪು ಸೀರೆ ಕೆಸರಿನಲ್ಲಿ ಹೂತುಹೋಗಿತ್ತು, ಒಂದು ಹಸಿರು ಸೀರೆಯ ತುಂಡು ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡು ಗಾಳಿಗೆ ಹಾರಾಡುತ್ತಿತ್ತು. ಕೆಸರಿನ ತುಂಬ ಆನೆಯ ಹೆಜ್ಜೆಗಳು, ದೊಡ್ಡವೂ ಚಿಕ್ಕವೂ. ಮರಿಯಾನೆಯೊಂದು ಆ ಬಣ್ಣದ ಬಟ್ಟೆಯನ್ನು ಎಳೆದಾಡಿ ಆಡಿರಬೇಕು. ರಾಚಪ್ಪ ಸಿಕ್ಕಿದಷ್ಟು ತುಂಡುಗಳನ್ನು ಆಯ್ದು ತಂದು, ಒಗೆದ ಬಟ್ಟೆಯಂತೆ ಮಡಚಿ ನನ್ನ ಮುಂದಿಟ್ಟ. ಅವನ ಮುಖ ನೋಡಲಾಗಲಿಲ್ಲ. "ನನ್ ಮಾತ್ ಕೇಳಿ ಕೆಟ್ರಿ" ಎಂದ. "ಇಲ್ಲ ರಾಚಪ್ಪ, ಆನೆಗೆ ನಾವೇನು ಹೇಳೋಕಾಗುತ್ತೆ" ಎಂದೆ. ಆದರೆ ದಡದಲ್ಲಿ ಕೂತುಕೊಂಡವಳಿಗೆ ಏಳಲು ಮನಸ್ಸಾಗಲಿಲ್ಲ.

ಮನೆಗೆ ಬಂದು ಬಂಡೀಪುರದಲ್ಲಿದ್ದ ಮಹೇಶನಿಗೆ ಫೋನಿನಲ್ಲಿ, ಇನ್ನು ಸಾಕು ಎಂದೆ. ಸೀರೆಗಳಿಲ್ಲ, ಗಡುವಿಗೆ ಹೆಚ್ಚು ತಿಂಗಳುಗಳೂ ಇಲ್ಲ. ಕಾಲೇಜಿನಲ್ಲಿ ಅತಿಥಿಯಾಗಿಯೇ ಇದ್ದುಬಿಡುತ್ತೇನೆ, ಮಗುವೂ ನನ್ನನ್ನು ಕಂಡರೆ ಅಜ್ಜಿಯ ಕಡೆಗೇ ಓಡುತ್ತಿದೆ ಎಂದೆ. ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಮರುದಿನ ಮಧ್ಯಾಹ್ನ ನಿದ್ದೆಯಿಂದ ಎದ್ದರೆ ಮನೆಯಲ್ಲಿ ಅತ್ತೆಯೂ ಇಲ್ಲ, ಮಗುವೂ ಇಲ್ಲ. ಹೊರಗೆ ಬಂದು ನೋಡಿದೆ. ಬೀದಿಯ ಕೊನೆಯಲ್ಲಿ, ಕೇರಳದ ಲಾರಿಯವರಿಗೆ ಊಟದ ಮೆಸ್ ನಡೆಸುತ್ತಿದ್ದ ಸಾರಾ ಚೇಚಿಯ, ಅಂದರೆ ಸಾರಾ ಅಕ್ಕನ, ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಂಕುಳಲ್ಲಿ ಮಗು, ಹೆಗಲ ಮೇಲೆ ಆಗಲೇ ಎರಡು ಸೀರೆ.

"ನೈಲೆಕ್ಸು. ನೈಲೆಕ್ಸು ಕಣವ್ವ. ಕಾಟನ್ ಬ್ಯಾಡ. ಅರಿದಿರಬಾರ್ದು" ಎಂದು ಹೇಳುತ್ತಿದ್ದರು.

"ಎಂತಿನಾ, ಯಾಕೆ ಗೌರಮ್ಮಚ್ಚೀ? ಪರದೆಗಾ?" ಎಂದು ಚೇಚಿ ತನ್ನ ಮಲಯಾಳ ಬೆರೆತ ಕನ್ನಡದಲ್ಲಿ ಕೇಳಿದಳು.

"ನನ್ ಸೊಸೆ ಓದಾಕೆ."

ಸೀರೆಗೂ ಓದಿಗೂ ಏನು ಸಂಬಂಧ ಎಂದು ಚೇಚಿ ತಿರುಗಿ ಕೇಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ನೇರಳೆ ಬಣ್ಣದ್ದೊಂದು, ಬಿಳಿಯದೊಂದು ತಂದುಕೊಟ್ಟಳು. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಮನೆಗೆ ಬಂದ ಮೇಲೆ, "ಯಾಕತ್ತೆ ಹೀಗೆ ಮನೆ ಮನೆಗೆ ಹೋಗಿ ಕೇಳಿದಿರಿ? ನಾನು ಬಿಟ್ಟೆ ಅಂತ ಹೇಳಲಿಲ್ವಾ?" ಎಂದೆ. ದನಿ ಸ್ವಲ್ಪ ಏರಿಯೇ ಇತ್ತು.

ಅತ್ತೆ ಮಗುವನ್ನು ಕೆಳಗಿಳಿಸಿ, ಸೀರೆಗಳನ್ನು ಒಂದೊಂದಾಗಿ ಮಂಚದ ಮೇಲೆ ಹರಡಿದರು.

"ನಾನು ಮೂರ್ನೇ ಕ್ಲಾಸಲ್ಲಿ ಇಸ್ಕೂಲ್ ಬುಟ್ಟೆ ಕಣಮ್ಮಿ. ಯಾಕ್ ಬುಟ್ಟೆ ಅಂತ ಒಬ್ರೂ ಕೇಳ್ನಿಲ್ಲ. ನಮ್ಮವ್ವನೂ ಕೇಳ್ನಿಲ್ಲ, ಮೇಷ್ಟ್ರೂ ಕೇಳ್ನಿಲ್ಲ. ದನ ಮೇಯ್ಸಾಕೆ ಒಂಟೋದೆ, ಅಷ್ಟೇಯ. ನಿನ್ನ ಕೇಳಾಕೆ ನಾನಿವ್ನಿ. ಯೋಳು, ಯಾಕ್ ಬುಟ್ಟೆ?"

ನಾನು ಗೋಡೆಗೆ ಒರಗಿಕೊಂಡು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲು ಬರಲಿಲ್ಲ. ಯಂತ್ರದ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ, "ಅತ್ತಿದ್ದಾದ್ಮೇಲೆ ಬಂದು ಇದ ಒಸಿ ಪೋಣ್ಸು" ಎಂದರು.

ಸಂಕ್ರಾಂತಿ ಕಳೆದ ಮೇಲೆ ಎರಡನೆಯ ಸಲ ಚೀಲಗಳನ್ನು ಇಳಿಸಿದೆವು. ಮಹೇಶ ರಜೆ ಹಾಕಿ, ಸೀಮೆಎಣ್ಣೆ ಅಂಗಡಿಯಿಂದ ಖಾಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತಂದು ತೇಲುವ ಚೌಕಟ್ಟು ಕಟ್ಟಿದ. ಈ ಸಲ ದಡದಿಂದ ದೂರ, ಆನೆಗೆ ಕಾಲು ನಿಲುಕದ ಆಳದಲ್ಲಿ. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಬಂದರು. ಅವರು ಹೊಲಿದದ್ದು ಸರಿಯಾಗಿ ಕಟ್ಟುತ್ತೇವೋ ಇಲ್ಲವೋ ಎಂಬ ಅನುಮಾನ ಅವರಿಗೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದಡದಿಂದಲೇ ಕೂಗುತ್ತಿದ್ದರು: "ಆ ಗಂಟು ಸಡ್ಲ ಆಯ್ತು ಕಣಪ್ಪ ರಾಚಪ್ಪ, ಇನ್ನೊಂದ್ ಸುತ್ತು ಆಕು!"

ಕೆಂಪು, ನೇರಳೆ, ಬಿಳಿ, ನೀಲಿ ಹೂವಿನ ಸೀರೆಗಳು ನೀರೊಳಗೆ ಉಬ್ಬಿ ನಿಂತವು. ಆ ದಡದ ಇತರ ಮೀನುಗಾರರಿಗೆ ಇದು ಸರಿಬರಲಿಲ್ಲ. ನೀರಿಗೆ ಏನೋ ಔಷಧಿ ಬಿಡುತ್ತಾರೆ, ಅದಕ್ಕೇ ಮೀನು ದಪ್ಪ ಆಗುತ್ತಿಲ್ಲ ಎಂಬ ಮಾತು ಹುಟ್ಟಿತು. ಮೀನು ದಪ್ಪವಾಗುತ್ತಿಲ್ಲ ಎಂಬುದಂತೂ ನಿಜ. ಬಲೆಗೆ ಬೀಳುವುದೆಲ್ಲ ಅಂಗೈಯಗಲದ ಜಿಲೇಬಿ, ಕಾಟ್ಲಾ ಮರಿಗಳು ಬಿಟ್ಟಾಗಿನಷ್ಟೇ ಗಾತ್ರದಲ್ಲಿದ್ದವು. ಮತ್ತೆ ಶುಂಠಿ ಕೀಳಲು ಹೋಗಬೇಕಾಗುತ್ತದೋ ಎಂದು ರಾಚಪ್ಪನ ಹೆಂಡತಿ ನನ್ನೆದುರೇ ಗಂಡನನ್ನು ಕೇಳಿದಳು. ಚೀಲಗಳನ್ನು ಕಿತ್ತುಹಾಕೋಣ ಎಂದು ಯಾರೋ ಹೇಳಿದಾಗ, "ನಾನೇ ಕಟ್ಟಿದ್ದು. ಕೀಳಾದಾದ್ರೆ ನನ್ನ ಅರಿಗೋಲು ಮುಳುಗ್ಸಿ ಆಮೇಲೆ ಕೀಳ್ರಲಾ" ಎಂದನಂತೆ ರಾಚಪ್ಪ. ಇದನ್ನು ಅವನು ನನಗೆ ಹೇಳಲಿಲ್ಲ, ಅವನ ಹೆಂಡತಿ ಹೇಳಿದಳು.

ಶಿವರಾತ್ರಿ ಹತ್ತಿರ ಬಂದಿತ್ತು. ಬೆಳಗಿನ ಹೊತ್ತು, ಗಾಳಿ ಇರಲಿಲ್ಲ. ನೀರು ಎಷ್ಟು ತಿಳಿ ಇದೆ ಎಂದು ಅಳೆಯಲು ಹಗ್ಗ ಕಟ್ಟಿದ ಕಪ್ಪುಬಿಳಿ ತಟ್ಟೆಯೊಂದನ್ನು ಇಳಿಸುತ್ತಾರೆ, ಅದು ಎಲ್ಲಿ ಮರೆಯಾಗುತ್ತದೋ ಅಲ್ಲಿಗೆ ಅಳತೆ. ಮೀನಿದ್ದ ಚೀಲಕ್ಕೆ ಇಳಿಸಿದೆ. ಮೊಳದುದ್ದ ಹೋಗುವುದರೊಳಗೆ ಹಸಿರಿನಲ್ಲಿ ತಟ್ಟೆ ಕಳೆದುಹೋಯಿತು. ಮೀನಿಲ್ಲದ ಚೀಲಕ್ಕೆ ಇಳಿಸಿದೆ. ಹಗ್ಗ ಬಿಡುತ್ತಲೇ ಹೋದೆ. ತಟ್ಟೆ ಕಾಣುತ್ತಲೇ ಇತ್ತು. ತಳ ಮುಟ್ಟಿದರೂ ಕಾಣುತ್ತಿತ್ತು, ಅದರ ಅಂಚಿನಲ್ಲಿ ಸಾರಾ ಚೇಚಿಯ ನೇರಳೆ ಸೀರೆಯ ಹೊಲಿಗೆಯೂ ಕಾಣುತ್ತಿತ್ತು.

ರಾಚಪ್ಪ ಹರಿಗೋಲಿನ ಅಂಚಿಗೆ ಬಗ್ಗಿ ಒಂದರಿಂದ ಇನ್ನೊಂದಕ್ಕೆ ನೋಡಿದ. "ಇದೇನ್ ಮೇಡಮ್ಮೋರೆ, ಎಲ್ಲಾದಕ್ಕೂ ಒಂದೇ ನೀರಲ್ವಾ ನಾವ್ ತುಂಬಿದ್ದು?"

"ಒಂದೇ ನೀರು ರಾಚಪ್ಪ."

"ಅವುಸ್ದಿ ಗಿವುಸ್ದಿ ಏನೂ ಆಕ್ನಿಲ್ವಲ್ಲ ನೀವು?"

"ನೀನೇ ಇದ್ದೆಯಲ್ಲ."

ಅವನು ಮೀನಿಲ್ಲದ ಚೀಲದ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡ. ಅಂಗೈಯಲ್ಲಿ ನೀರುಚಿಗಟಗಳು ಪುಟಿಯುತ್ತಿದ್ದವು. ಮೀನಿದ್ದ ಚೀಲಗಳಲ್ಲಿ ನನ್ನ ಬಲೆ ಎಷ್ಟು ಎಳೆದರೂ ಅಂಥದ್ದೊಂದೂ ಸಿಗಲಿಲ್ಲ. ಮೀನಿದ್ದ ಎರಡೂ ಚೀಲ ಹಾಗೆ, ಮೀನಿಲ್ಲದ ಎರಡೂ ಚೀಲ ಹೀಗೆ. ನನಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಸೀಸೆ ಜಾರದಿದ್ದರೆ ಸಾಕು ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮೀನುಗಾರರೆಲ್ಲ ಒಬ್ಬೊಬ್ಬರಾಗಿ ಬಂದು ಚೀಲಗಳಲ್ಲಿ ಇಣುಕಿದರು. ಇಷ್ಟು ನೀರಿಗೆ ಇಷ್ಟೊಂದು ಬಾಯಿಗಳಾದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ, ತಿನ್ನುವುದಕ್ಕೆ ಉಳಿದಿರುವುದು ಧೂಳಿನಂಥ ಜೀವಿಗಳು ಮಾತ್ರ ಎಂದು ನನಗೆ ತಿಳಿದಂತೆ ಹೇಳಿದೆ. ಆ ಬೇಸಿಗೆ ಅವರು ಸಣ್ಣ ಕಣ್ಣಿನ ಬಲೆ ಹಾಕಿ ಜಿಲೇಬಿಯನ್ನು ಆದಷ್ಟು ತೆಗೆದರು. ಮುಂದಿನ ಮಳೆಗೆ ಮರಿ ಬಿಡುವಾಗ ಕಡಿಮೆ ಬಿಟ್ಟು, ದೊಡ್ಡ ಮರಿಗಳನ್ನೇ ಬಿಟ್ಟರು. ನನ್ನ ಮಾತಿನಿಂದಲೇ ಹಾಗೆ ಮಾಡಿದರೆಂದು ಹೇಳಲಾರೆ. ಆದರೆ ರಾಚಪ್ಪ ಮತ್ತೆ ಶುಂಠಿ ಕೀಳಲು ಹೋಗಲಿಲ್ಲ. ಅವನ ಹೆಂಡತಿ ಚಾಮರಾಜನಗರದ ಸಂತೆಯಲ್ಲಿ ತೋಳುದ್ದದ ಕಾಟ್ಲಾ ಮಾರುತ್ತ ಕೂತಿದ್ದದ್ದನ್ನು ನಾನೇ ನೋಡಿದ್ದೇನೆ.

ಆ ದಿನ ಮನೆಗೆ ಬಂದು ಮೀನಿದ್ದ ಚೀಲದ ನೀರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಧೂಳಿನಂಥವುಗಳ ನಡುವೆ ಅಪರೂಪಕ್ಕೆ ಒಂದು ನೀರುಚಿಗಟ ಸಿಕ್ಕಿತು. ಬಲು ಸಣ್ಣದು. ತಲೆಯ ಮೇಲೆ ಉದ್ದನೆಯ ಮುಳ್ಳು. ಅಷ್ಟು ಸಣ್ಣದರ ಬೆನ್ನಲ್ಲೂ ಎರಡು ಮೊಟ್ಟೆ. ಅತ್ತೆ ಬಂದು ನೋಡಿದರು.

"ಇದು ಮರಿ ಅಲ್ವಾ? ಇಷ್ಟು ಸಣ್ಣುದ್ರಲ್ಲೇ ಬಸುರಿಯಾ?"

"ಮೀನಿರೋ ನೀರಿನಲ್ಲಿ ಹಾಗೇ ಅತ್ತೆ. ದೊಡ್ಡದಾಗೋತನಕ ಬದುಕೋ ಖಾತ್ರಿ ಇರಲ್ಲ. ಬೇಗ ಬೇಗ ಮೊಟ್ಟೆ ಇಡ್ತವೆ."

ಅವರು ಮಸೂರದಿಂದ ಕಣ್ಣು ಕೀಳದೆ ಬಗ್ಗಿಯೇ ಇದ್ದರು. "ಮಹೇಶ್ನಿಗಿಂತ ಮುಂಚೆ ಒಂದ್ ಗಂಡು ಆಗಿತ್ತು ನಂಗೆ" ಎಂದರು ಮೆಲ್ಲನೆಯ ದನಿಯಲ್ಲಿ. "ನಾನೇ ಇನ್ನೂ ಉಡುಗಿ. ಅದು ಉಳೀನಿಲ್ಲ." ನನಗೆ ಇದು ಗೊತ್ತೇ ಇರಲಿಲ್ಲ. ಮಹೇಶನಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಅವರು ಕೈಯನ್ನು ಹಾಗೇ ಇರಗೊಟ್ಟರು. "ಇದ ನೀರಿಗೆ ಬುಟ್ಬುಡು, ಬಾಟ್ಲಿಗೆ ಬ್ಯಾಡ" ಎಂದರು. ಬಿಟ್ಟೆ.

ಪ್ರಬಂಧ ಹೊತ್ತಿಗೆ ಸರಿಯಾಗಿ ಸಲ್ಲಿಕೆಯಾಯಿತು. ಒಪ್ಪಿತವೂ ಆಯಿತು. ಮುಂದೆ ಅದರಿಂದಲೇ ನನಗೆ ಕಾಯಂ ಕೆಲಸ ಸಿಕ್ಕಿತು. ಪದವಿ ಕೊಟ್ಟ ದಿನದ ಸಮಾರಂಭ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಚೀಲಗಳನ್ನೆಲ್ಲ ಬಿಚ್ಚಿ, ನೀರುಚಿಗಟಗಳನ್ನು ಜಲಾಶಯಕ್ಕೇ ಬಿಟ್ಟು, ಅತ್ತೆಯ ಜೊತೆ ವಾಪಸು ಬಂದ ಸಂಜೆ.

ಚಾಮರಾಜನಗರದಿಂದ ಗುಂಡ್ಲುಪೇಟೆಯ ಬಸ್ಸು ಕಿಕ್ಕಿರಿದಿತ್ತು. ಅತ್ತೆಗೆ ಹೇಗೋ ಒಂದು ಸೀಟು ಸಿಕ್ಕಿ, ಮಗು ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಾನು ಒದ್ದೆ ಸೀರೆಗಳ ಗಂಟನ್ನು ಹಿಡಿದು ಕಂಬಿಗೆ ಒರಗಿ ನಿಂತಿದ್ದೆ. ಅತ್ತೆಯ ಪಕ್ಕ ಒಬ್ಬ ಹೆಂಗಸು ಚೆಂಡುಹೂವಿನ ಬುಟ್ಟಿಯನ್ನು ಸೀಟಿನ ಮೇಲೇ ಇಟ್ಟುಕೊಂಡು ಕೂತಿದ್ದಳು. ಗಂಟಿನಿಂದ ತೊಟ್ಟಿಕ್ಕುವ ನೀರನ್ನು ನೋಡಿ ಮೂಗು ಮುರಿದಳು.

"ಏನವ್ವ ಇದು, ನಿಮ್ ಮಗ್ಳಾ?"

"ಸೊಸೆ."

"ಏನ್ ಕೆಲ್ಸ?"

"ಓದ್ತಾ ಅವ್ಳೆ."

"ಮಗು ಆದ್ಮೇಲೂವಾ?"

"ಮಗು ಆದ್ಮೇಲೇಯ" ಎಂದು ಅತ್ತೆ ಆಕೆಯ ಕಡೆಗೆ ತಿರುಗಿ ಕೂತರು. "ಕೇಳವ್ವ ಇಲ್ಲಿ. ನೀರಲ್ಲಿ ಸಾಸಿವೆ ಕಾಳ್ನಷ್ಟು ಜೀವ ಅವೆ. ಪಾಚಿ ತಿಂದು ನೀರ ತೊಳೆಯಾವು ಅವೇಯ. ಮೀನು ಜಾಸ್ತಿ ಆಗ್ಬುಟ್ರೆ ದಪ್ಪವ ಎಲ್ಲಾನೂ ನುಂಗ್ಬುಡ್ತವೆ, ಅದ್ರಲ್ಲೂ ಬಸುರೀನ ಮೊದ್ಲು. ಆಮೇಲೆ ಸಣ್ಣವು ಉಳ್ಕತವೆ, ಅವುಗ್ಳ ಕೈಲಿ ಪಾಚಿ ತೀರಾಕಿಲ್ಲ. ನೀರು ಅಸ್ರಾಗ್ಬುಡ್ತದೆ, ಮೀನೂ ಒಣಕಲು ಆಯ್ತವೆ. ಗೊತ್ತಿತ್ತಾ ನಿಂಗೆ?"

"ಇಲ್ಲ ಕಣವ್ವ."

"ನಂಗೂ ಗೊತ್ತಿರ್ನಿಲ್ಲ. ಯಾರ್ಗೂ ಗೊತ್ತಿರ್ನಿಲ್ಲ. ಲೋಕದಲ್ಲಿ ಇದ ಮೊದ್ಲು ಕಂಡಿಡ್ದೋಳೇ ನಮ್ ಸುಮಾ."

ನಾನು ಬಾಯಿ ತೆರೆದೆ. ಇದನ್ನು ಹೊರದೇಶದವರು ನಾನು ಹುಟ್ಟುವ ಮೊದಲೇ ಕಂಡುಕೊಂಡಿದ್ದರು, ನಾನು ಮಾಡಿದ್ದು ನಮ್ಮ ಎರಡು ಜಲಾಶಯಗಳಲ್ಲಿ ಅದನ್ನು ಪರೀಕ್ಷಿಸಿದ್ದು ಮಾತ್ರ ಎಂದು ಹೇಳಬೇಕಿತ್ತು. ಅತ್ತೆಯ ಮುಖ ನೋಡಿದೆ, ಬಾಯಿ ಮುಚ್ಚಿಕೊಂಡೆ.

ಹೂವಿನ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬುಟ್ಟಿಯನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡು, ಕಿಟಕಿಯ ಕಡೆಗೆ ಒತ್ತಿಕೊಂಡು, "ಬಾ ಕಣವ್ವ, ನಿಂತಿದ್ದೀಯಲ್ಲ, ಇಲ್ಲಿ ಕೂತ್ಕೊ" ಎಂದು ಜಾಗ ಮಾಡಿದಳು.

ನಾನು ಅತ್ತೆಯ ಪಕ್ಕ ಕೂತೆ.